ಬೆಟ್ಟ ಹೊತ್ತು ಬಂದ ಶೂ

ಅಕ್ಕಾ,

ನಿನ್ನೆ ಕೆಸರಿನ ಓಟ ಮುಗಿಯಿತು. ನಮ್ಮ ಶೂ ಚೆನ್ನಾಗಿ ಓಡಿದರೆ ಇನ್ನೂರು ಜೊತೆ ಕೊಳ್ಳುತ್ತೇನೆಂದಿದ್ದ ಅಂಗಡಿ ಯಜಮಾನರೂ ಬಂದು ಕೊನೆಯ ಗೆರೆಯ ಹತ್ತಿರ ನಿಂತಿದ್ದರು. ನಮ್ಮ ಶೂ ಹಾಕಿಕೊಂಡು ಓಡಿದ ಆಸ್ಪತ್ರೆಯ ನರ್ಸಮ್ಮ ಬೆಟ್ಟ ಹತ್ತುವವರೆಗೆ ಮೂರನೆಯವರಾಗಿದ್ದರು. ಇಳಿದು ಬಂದಾಗ ಅವರ ಹಿಂದೆ ಆಂಬುಲೆನ್ಸ್ ಬಿಟ್ಟರೆ ಯಾರೂ ಇರಲಿಲ್ಲ. ಅಟ್ಟೆ ಕಿತ್ತುಬಂದಿರಲಿಲ್ಲ, ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಆದರೆ ಅಟ್ಟೆಯ ಹಲ್ಲುಗಳ ಸಂದಿಯಲ್ಲಿ ಹೊಕ್ಕ ಕೆಸರು ಉದುರದೆ, ಹೆಜ್ಜೆ ಹೆಜ್ಜೆಗೂ ಬೆಳೆದು ಇಟ್ಟಿಗೆಯಂತಾಗಿತ್ತು. ಪಕ್ಕದ ಹಣ್ಣಿನವನ ತಕ್ಕಡಿಯಲ್ಲಿಟ್ಟೆ. ಮುನ್ನೂರು ಗ್ರಾಮಿನ ಒಂದು ಶೂ ಎರಡು ಕಿಲೋ ತೂಗಿತು.

"ಮಣ್ಣನ್ನೂ ಮಾರ್ತೀರಾ ಸ್ವಾಮಿ?" ಅಂದ ಅವನು.

ನರ್ಸಮ್ಮ, "ಶೂ ಗಟ್ಟಿ ಇದೆ ಬಿಡಿ ಅಣ್ಣಾ, ಬೆಟ್ಟಾನೇ ಜೊತೆಗೆ ಬಂತು," ಎಂದರು.

ಯಜಮಾನರು "ಮುಂದೆ ನೋಡೋಣ" ಎಂದು ಕೊಡೆ ಬಿಚ್ಚಿ ಹೊರಟುಹೋದರು.

ನನಗೆ ನೆಗಡಿಯಾಗಿದೆ, ಜ್ವರವಿಲ್ಲ. ಅಟ್ಟೆಯ ಹಲ್ಲುಗಳು ದೂರದೂರ ಇರಲಿ ಎಂದು ನೀನು ಅಂದಾಗ ಬಾಯಿ ಮುಚ್ಚಿಸಿದವನು ನಾನೇ. ಅಚ್ಚು ಮಾಡುವವನಿಗೆ ಹೇಳಿ, ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿಸು. ಫೋನು ಮಾಡಿದರೆ ನೀನು ನಗುವುದು ಕೇಳಿಸುತ್ತದೆಂದು ಕಾರ್ಡು ಬರೆದೆ. ನಾನು ಬರುವುದು ಇನ್ನೊಂದು ವಾರಕ್ಕೆ. ಅಷ್ಟರಲ್ಲಿ ನಕ್ಕು ಮುಗಿಸಿರು.

ನಿನ್ನ ತಮ್ಮ