ಕವಲಗಟ್ಟಿ ಕಾಲೇಜಿನ ಕೈಕಟ್ಟು ಪರೀಕ್ಷೆ

ಕವಲಗಟ್ಟಿ,
ಎಂಟನೆಯ ತಿಂಗಳ ಮೂವತ್ತಾರನೆಯ ತಾರೀಖು, 2187

ಕವಲಗಟ್ಟಿ ಸಮುದಾಯ ಕಾಲೇಜಿನ ಮೊದಲ ತಂಡದ ಮಕ್ಕಳಿಗೆ ಮುದಕಪ್ಪ ಕಾಕಾನ ಆಶೀರ್ವಾದಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹತ್ತೇ ತಿಂಗಳು. ಸಂಬಳ ಕೊಡುವವರು ಕೂತು ಮಾಡಿದ ಏರ್ಪಾಡು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ದೂರ ಹಿಂದಕ್ಕೆ ಕೂಗಿ ಮಾತಾಡುವಾಗ ದನಿ ಸ್ವಲ್ಪ ಒಡೆಯುತ್ತದೆ. ಕಾಗದ ಹೇಗೆ ತಲುಪಿತು ಎಂದು ಮಾತ್ರ ಕೇಳಬೇಡಿ. ನಾನು ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವನು. ಆ ಏಳರಲ್ಲೂ ನನ್ನನ್ನು ಮೀರಿಸಿದವರಿರಲಿಲ್ಲ; ಇದ್ದವನೊಬ್ಬ ಊರು ಬಿಟ್ಟ.

ನೀವು ಈಗ ಮುಚ್ಚಿದ ಅರಳೆ ಮಿಲ್ಲಿನ ಗೋದಾಮಿನಲ್ಲಿ ಕೂತು ಓದುತ್ತಿದ್ದೀರಿ. ಎಲ್ಲೂ ಸೀಟು ಸಿಗದವರ ಕಾಲೇಜು ಎಂದು ಬಸ್ ಸ್ಟ್ಯಾಂಡಿನಲ್ಲಿ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆಡಿಕೊಂಡವರ ಬಸ್ ಸ್ಟ್ಯಾಂಡು ನಮ್ಮ ಕಾಲಕ್ಕಿಲ್ಲ, ಗೋದಾಮು ಇದೆ. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ಬೆಳಗಾದರೆ ತೇಲುಬಂಡಿಯಲ್ಲಿ ಬರುತ್ತಾರೆ. ತೇಲುಬಂಡಿ ಅಂದರೆ ನೆಲದಿಂದ ಗೇಣು ಮೇಲೆ ಜಾರುವ ಗಾಡಿ. ಎದುರಿಗೆ ಆಡು ಬಂದರೆ ತಾನೇ ನಿಲ್ಲುತ್ತದೆ, ಇದು ಆಡುಗಳಿಗೂ ಗೊತ್ತಾಗಿದೆ, ಹೀಗಾಗಿ ಮೊದಲ ಪಾಠಕ್ಕೆ ಯಾರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ವಸತಿಯಲ್ಲಿರುವವರು ಪಾಳಿಯ ಮೇಲೆ ರೊಟ್ಟಿ ಬಡಿಯುತ್ತಾರೆ. ಯಂತ್ರ ಮಾಡಿದ ರೊಟ್ಟಿಯನ್ನು ಒಮ್ಮೆ ತರಿಸಿ, ಒಂದೇ ದಿನಕ್ಕೆ ಅದನ್ನು ಆಡುಗಳಿಗೆ ಹಾಕಿದರು. ಪುಸ್ತಕದ ಬದಲು ಎಲ್ಲರಿಗೂ ಕಿವಿಮಣಿ ಇದೆ. ಕಿವಿಯಲ್ಲಿಟ್ಟರೆ ಕೇಳಿದ್ದನ್ನೆಲ್ಲ ಪಿಸುಗುಡುವ ಮಣಿ ಅದು. ಎಲ್ಲ ಹೇಳುತ್ತದೆ, ಆದರೆ ಬೆರಳಿಗೆ ಏನನ್ನೂ ಕಲಿಸುವುದಿಲ್ಲ.

ಅದಕ್ಕೇ ನಮ್ಮಲ್ಲಿ ಕೈಕಟ್ಟು ಪರೀಕ್ಷೆ. ಇದನ್ನು ಶುರು ಮಾಡಿದವರು ಗಂಗಾಬಾಯಿ ಟೀಚರ್. ನಿಮ್ಮಲ್ಲಿಗೆ ಅವರು ಇನ್ನೂ ಬಂದಿರಲಿಕ್ಕಿಲ್ಲ. ಒಂದು ವರ್ಷ ಎಲ್ಲೋ ಮೇಲಿನ ಸೀಮೆಯಲ್ಲಿ ಸುರಿದ ಮಳೆಗೆ ಹಳ್ಳ ತುಂಬಿ ಸೇತುವೆ ಹೋಯಿತು, ಪ್ರಶ್ನೆಪತ್ರಿಕೆ ಬರಲಿಲ್ಲ, ಹುಡುಗರು ಕುಣಿದರು. ಟೀಚರ್ ಗೇಟಿನ ಹೊರಗೆ ಹಳ್ಳ ನೋಡಲು ನಿಂತಿದ್ದ ಜನರನ್ನು ಒಳಗೆ ಕರೆದು, “ನೀವು ಕಲಿತದ್ದನ್ನ ಇವರಿಗೆ ಕಲಿಸ್ರಿ. ಇವರಿಗೆ ಬಂತಂದ್ರ ನೀವು ಪಾಸು,” ಅಂದರಂತೆ. ಒಬ್ಬ ಹುಡುಗ ತಾಳ್ಮೆಗೆಟ್ಟು ಎಲ್ಲ ತಾನೇ ಮಾಡತೊಡಗಿದ. ಟೀಚರ್ ಅವನ ಹೆಗಲ ಟವೆಲನ್ನೇ ತೆಗೆದು ಅವನ ಕೈಗಳನ್ನು ಹಿಂದಕ್ಕೆ ಕಟ್ಟಿಬಿಟ್ಟರು. ಅಂದಿನಿಂದ ಅದೇ ಪದ್ಧತಿ. ಪರೀಕ್ಷೆಯ ದಿನ ಗೇಟಿನೊಳಗೆ ಮೊದಲು ಕಾಲಿಡುವ ಹೊರಗಿನವರೇ ಶಿಷ್ಯರು. ನಿನ್ನ ಕೈ ಕಟ್ಟಿರುತ್ತದೆ, ಬಾಯಿ ಮಾತ್ರ ಬಿಟ್ಟಿರುತ್ತದೆ.

ಈ ವರ್ಷ ಏಕಮಂಡಳಿಯ ಆಜ್ಞೆ ಬಂತು. ನಾಡಿನ ಎಲ್ಲ ಕಾಲೇಜುಗಳನ್ನು ಆಳುವ ಮಂಡಳಿ ಅದು. ಕಿವಿಮಣಿ ಇರುವಾಗ ಕಾಲೇಜು ಯಾಕೆ, ಒಂದೇ ಒಂದು ತರಗತಿಯಲ್ಲಿ ಯಾರೂ ಪಾಸಾಗದಿದ್ದರೂ ಇಡೀ ಕಾಲೇಜಿಗೆ ಬೀಗ, ಎಂದಿತು. ಗಾಳಿಬಾವಿ ರಿಪೇರಿಯ ತರಗತಿಗೆ ಯಾರೂ ಸೇರಿರಲಿಲ್ಲ. ಗಾಳಿಬಾವಿ ಎಂದರೆ ಗಾಳಿಯ ತೇವವನ್ನು ಹಿಡಿದು ನೀರು ಮಾಡುವ ಕಂಬ. ನಮ್ಮೂರು ಕುಡಿಯುವುದೇ ಅದರಿಂದ. ನನ್ನ ಅಣ್ಣನ ಮಗಳು ದಾಕ್ಷಾಣಿಯೇ ಪ್ರಿನ್ಸಿಪಾಲ್. ಅವಳ ಮುಖ ನೋಡಲಾರದೆ, ಈ ವಯಸ್ಸಿನಲ್ಲಿ ನಾನೇ ಹೆಸರು ಹಚ್ಚಿದೆ. ತರಗತಿಗೆ ನಾನೊಬ್ಬನೇ, ಹಾಗಾಗಿ ಮೊದಲನೆಯ ರ‍್ಯಾಂಕೂ ನನ್ನದೇ.

ಪರೀಕ್ಷೆಯ ಬೆಳಿಗ್ಗೆ ದಾಕ್ಷಾಣಿ ನನ್ನ ಕೈ ಕಟ್ಟುತ್ತ, “ಕಾಕಾ, ನಿನ್ನ ಬಾಯಿ ಹೊಲಾ ಉಳತೈತಿ, ಖರೆ. ಹೇಳಿಕೊಡಾಕ ಬರತೈತೇನು?” ಎಂದಳು.

“ಏಯ್, ನಾ ಹೇಳಿಕೊಟ್ರ ಗೋಡೀನೂ ಕಲೀತಾವ!”

ಗೇಟಿನೊಳಗೆ ಮೊದಲು ಕಾಲಿಟ್ಟವರು ಮಂಡಳಿಯ ತಪಾಸಣೆಗೆಂದು ಕರಾವಳಿಯಿಂದ ಬಂದ ಐರಿನ್ ಮೇಡಂ.

“ಎಂತ ಮಾರಾಯ್ರೆ, ನಾನು ನೋಡ್ಲಿಕ್ಕೆ ಬಂದದ್ದು, ಮಾಡ್ಲಿಕ್ಕಲ್ಲ,” ಎಂದರು.

“ಇಲ್ಲಿ ಎರಡೂ ಒಂದರಿ ಮೇಡಂ. ಕಿವಿಮಣಿ ತಗದಿಡ್ರಿ,” ಎಂದಳು ದಾಕ್ಷಾಣಿ. ತೆಗೆದಿಟ್ಟರು. ನಾನು ಸೋಲುವುದನ್ನು ಹತ್ತಿರದಿಂದ ನೋಡುವ ಆಸೆಯಿರಬೇಕು.

ಕೆಲಸ ಇಷ್ಟೇ. ಕಂಬದ ಬಳೆಗೆ ತೇವ ಹಿಡಿಯುವ ಹೊಸ ಪೊರೆ ಕಟ್ಟಬೇಕು. ಸಡಿಲವಾದರೆ ನೀರು ಇಳಿಯದು, ಬಿಗಿ ಹೆಚ್ಚಾದರೆ ಪೊರೆ ಹರಿದುಹೋಗುತ್ತದೆ. ಪೊರೆ ಇದ್ದದ್ದು ಎರಡೇ. ನಾನು ಮೊದಲು ನನ್ನ ಸಾಹಸಗಳನ್ನು ಹೇಳಿದೆ, ಗಾಳಿಬಾವಿಯ ಹುಟ್ಟು ಹೇಳಿದೆ, ಮತ್ತೆ ನನ್ನ ಸಾಹಸಕ್ಕೇ ಬಂದೆ. ಮೇಡಂ ಆಕಳಿಸಿ ಪೊರೆ ಎಳೆದರು.

“ಬಿಗಿ ಎಳೀರಿ! ಬಿಗಿ! ಅಷ್ಟಲ್ಲ!”

“ಎಷ್ಟು?”

“ಎಷ್ಟು ಬೇಕೋ ಅಷ್ಟು!”

ಪರ್ ಎಂದು ಹರಿಯಿತು. ಕಟ್ಟಿದ ಕೈಗಳು ಟವೆಲಿನೊಳಗೆ ಹಾವಿನಂತೆ ಹೊರಳಿದವು. ಒಂದು ಕೈ ಬಿಟ್ಟರೂ ಸಾಕಿತ್ತು, ಕಣ್ಣು ಮುಚ್ಚಿ ಮಾಡುತ್ತಿದ್ದೆ. ದಾಕ್ಷಾಣಿ ಗೋದಾಮಿನ ಬಾಗಿಲ ಕಡೆ ನೋಡುತ್ತಿದ್ದಳು, ಅಲ್ಲಿ ಈಗಲೇ ಬೀಗ ಜೋತುಬಿದ್ದಂತೆ. ಗುಂಪಿನಿಂದ ಕಲ್ಲವ್ವಜ್ಜಿ ಕೂಗಿದಳು: “ಮುದಕಪ್ಪಾ, ಹೆಂಡ್ತಿಗೆ ಹೇಳಿದಂಗ ಹೇಳಬ್ಯಾಡೋ, ತಿಳಿಯೂವಂಗ ಹೇಳು!”

ಜನ ನಕ್ಕರು, ನಾನು ನಗಲಿಲ್ಲ. ನನ್ನ ಬಾಯಿಗೆ ಹೊಗಳಿಕೊಳ್ಳಲು ಬರುತ್ತದೆ, ಗದರಿಸಲು ಬರುತ್ತದೆ. ಇನ್ನೊಬ್ಬರ ಕೈಯೊಳಗೆ ಇಳಿಯುವ ಮಾತು ಅದರಲ್ಲಿ ಒಂದೂ ಇರಲಿಲ್ಲ. ಆಗ, ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳದ ನಾನು ಕೇಳಿದೆ: “ಮೇಡಂ, ನಿಮ್ಮೂರಾಗ ಏನು ಹೆಚ್ಚೈತ್ರಿ?”

“ಮಳೆ.”

“ಮಳ್ಯಾಗ ಏನು ಹಿಡೀತೀರಿ?”

“ಕೊಡೆ. ಮತ್ತೆಂತ, ಬಾಳೆಲೆಯಾ?”

“ಕೊಡಿ ಬಿಚ್ಚಿದಾಗ ಅದರ ಅರಿವಿ ಎಷ್ಟು ಬಿಗಿ ಇರತೈತ್ರಿ? ನಮ್ಮೂರಾಗ ಮಳಿನೂ ಇಲ್ಲ, ಕೊಡಿನೂ ಇಲ್ಲ. ನನಗ ಗೊತ್ತಿಲ್ಲ, ನೀವ ಹೇಳಬೇಕು.”

ಅವರು ಇಲ್ಲದ ಕೊಡೆಯನ್ನು ಗಾಳಿಯಲ್ಲೇ ಬಿಚ್ಚಿ ನೋಡಿದರು. “ಬೆರಳಲ್ಲಿ ಹೊಡೆದ್ರೆ ಟಪ್ ಅಂತದೆ.”

“ಹಂಗಾರ ಟಪ್ ಅನ್ನೂತನಾ ಎಳೀರಿ. ಅಂದಕೂಡಲೆ ನಿಲ್ಲಸ್ರಿ. ನಾ ಇನ್ನ ಮಾತಾಡೂದಿಲ್ಲ.”

ಮಾತಾಡಲಿಲ್ಲ. ಊರವರಿಗೆ ಅದೇ ದೊಡ್ಡ ಪವಾಡ. ಮೇಡಂ ಎಳೆದರು, ಬೆರಳಿಂದ ಹೊಡೆದರು, ಮತ್ತೆ ಎಳೆದರು. ಟಪ್ ಎಂದಿತು. ಬಳೆ ಬಿಗಿದರು. ಬೆಳಗಿನ ತಂಪು ಗಾಳಿ ಬೀಸಿತು, ಎಲ್ಲರೂ ಕಂಬದ ಬುಡ ನೋಡುತ್ತ ನಿಂತೆವು. ಬಹಳ ಹೊತ್ತಿನ ಮೇಲೆ ಒಂದು ಹನಿ ಕೊಡಕ್ಕೆ ಬಿತ್ತು. ಆಮೇಲೆ ಇನ್ನೊಂದು. ಮೇಡಂ ಅದಕ್ಕೆ ಅಂಗೈ ಒಡ್ಡಿ, “ನಾನು ಮಾಡಿದ್ದು!” ಎಂದು ಸಣ್ಣ ಹುಡುಗಿಯಂತೆ ಕೂಗಿದರು. ನಾನು ಮಾಡಿಸಿದ್ದು ಎನ್ನಲು ಬಾಯಿ ತೆರೆದೆ. ದಾಕ್ಷಾಣಿ ಕಾಲು ತುಳಿದಳು.

ಮಂಡಳಿ ಒಂದು ವರ್ಷ ಕೊಟ್ಟಿದೆ. ಒಂದೇ ವರ್ಷ, ಅದೇ ಷರತ್ತು. ಸಾಕು. ಮುಂದಿನ ವರ್ಷ ಯಾವ ತರಗತಿ ಖಾಲಿ ಉಳಿಯುತ್ತದೋ ಅದಕ್ಕೆ ನಾನು ಸೇರುತ್ತೇನೆ, ಅದು ಹೊಲಿಗೆಯಾದರೂ ಸರಿ. ದಿನವೂ ಒಂದೊಂದು ಹಳ್ಳಿಗೆ ಹೋಗಿ, ಏಳನೇ ಇಯತ್ತೆಗೇ ಶಾಲೆ ಬಿಟ್ಟವರ ಬಾಗಿಲು ಬಡಿಯುತ್ತಿದ್ದೇನೆ. ಬೈಯುತ್ತಾರೆ, ನಾಳೆ ಮತ್ತೆ ಹೋಗುತ್ತೇನೆ. ನನಗಿಂತ ಮೊಂಡರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಕಾಲೇಜಿನ ಈ ತುದಿಯನ್ನು ನಾನು ಹಿಡಿದಿದ್ದೇನೆ. ಆ ತುದಿ ನಿಮ್ಮ ಕೈಯಲ್ಲಿದೆ. ನಿಮ್ಮ ಬೆಂಚಿನ ಮೇಲೆ ಇನ್ನೂ ಜಾಗವಿದೆ. ಮನೆಯಲ್ಲಿ ಓದು ಬಿಟ್ಟ ಅಕ್ಕ ಇರಬಹುದು, ತನಗೆ ವಯಸ್ಸಾಯಿತೆನ್ನುವ ಸೋದರಮಾವ ಇರಬಹುದು. ನಾಳೆ ಕಾಲೇಜಿಗೆ ಒಬ್ಬೊಬ್ಬರೇ ಬರಬೇಡಿ.

ಇಂತಿ,
ಮುದಕಪ್ಪ
ಗಾಳಿಬಾವಿ ತರಗತಿ, ಪಾಸು