ಸಾವಿತ್ರೆವ್ವ ತೊಳೆದಿಟ್ಟ ಸರ್ಕಾರಿ ಕಲ್ಲುಗಳು

ಖನಿಜ ಅನ್ವೇಷಣಾ ಕಚೇರಿಯ ಮುಖ್ಯಸ್ಥರ ಸನ್ನಿಧಿಗೆ

ಮಾನ್ಯರೇ,

ಎಪ್ಪತ್ತೆಂಟು ವರ್ಷದ ನನ್ನ ಅತ್ತೆ ಸಾವಿತ್ರೆವ್ವನವರಿಗೆ ತಾವು ದಯಪಾಲಿಸಿದ ನೋಟಿಸು ತಲುಪಿದೆ. ‘ಭೂವೈಜ್ಞಾನಿಕ ದಾಖಲೆಗಳನ್ನು ದುರುದ್ದೇಶದಿಂದ ನಾಶಪಡಿಸಿದ್ದಕ್ಕೆ ತಮ್ಮ ಮೇಲೆ ಪೊಲೀಸ್ ಪ್ರಕರಣವನ್ನೇಕೆ ದಾಖಲಿಸಬಾರದು’ ಎಂಬುದಕ್ಕೆ ಅವರು ಹದಿನೈದು ದಿನದೊಳಗೆ ಖುದ್ದು ಹಾಜರಾಗಿ ಉತ್ತರ ಹೇಳಬೇಕಂತೆ. ಅತ್ತೆಗೆ ಓದಲು ಬರುವುದಿಲ್ಲ. ಓದಿ ಹೇಳುವ ಪುಣ್ಯದ ಕೆಲಸ ನನಗೇ ಬಂತು. ಇಪ್ಪತ್ತೆರಡು ವರ್ಷ ಶಿರಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ‘ದುರುದ್ದೇಶ’ ಎಂದರೇನು ಎಂದು ಅವರು ಕೇಳಿದಾಗ ಮಾತ್ರ ನಿಘಂಟು ತೆಗೆಯಬೇಕಾಯಿತು.

ಹನ್ನೊಂದು ವರ್ಷದ ಹಿಂದೆ ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮ ಹೊಲಕ್ಕೆ ತಮ್ಮ ಕಚೇರಿಯ ಯಂತ್ರ ಬಂದು, ನೂರಾ ನಲವತ್ತು ಮೀಟರ್ ಆಳ ಕೊರೆಯಿತು. ಕೊರೆದಾಗ ಬಂದ ದುಂಡನೆಯ ಕಲ್ಲಿನ ಕೋಲುಗಳನ್ನು ಇಪ್ಪತ್ತೆಂಟು ತಗಡಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿದರು. ಯಾವ ಕಲ್ಲು ಯಾವ ಆಳದ್ದು ಎಂದು ಚಿಕ್ಕ ಚಿಕ್ಕ ಮರದ ತುಂಡುಗಳ ಮೇಲೆ ಪೆನ್ಸಿಲಿನಲ್ಲಿ ಬರೆದು ನಡುನಡುವೆ ಇಟ್ಟರು. ಇಡಲು ಜಾಗವಿಲ್ಲವೆಂದು ನಮ್ಮ ದನದ ಕೊಟ್ಟಿಗೆ ಕೇಳಿದರು. “ಎಂಟ ದಿನ ಇಟಗೋರಿ ಅವ್ವಾರ, ಲಾರಿ ಬರ್ತೈತಿ” ಎಂದ ಮಾತು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ನಮ್ಮ ಎಮ್ಮೆಗಳು ಬಯಲಲ್ಲಿವೆ, ತಮ್ಮ ಕಲ್ಲುಗಳು ನೆರಳಲ್ಲಿವೆ. ಒಯ್ಯಿರೆಂದು ನಾನು ನಾಲ್ಕು ಪತ್ರ ಬರೆದೆ. ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಒಂದಕ್ಕೆ ಉತ್ತರ ಬಂತು. ಹನ್ನೊಂದು ವರ್ಷ ಒಂದೇ ವಿಷಯವನ್ನು ಪರಿಶೀಲಿಸುವ ತಾಳ್ಮೆ ಋಷಿಗಳಿಗೂ ಇರಲಿಕ್ಕಿಲ್ಲ.

ಆಗ ಬಂದಿದ್ದ ಸುದೀಪ ಎಂಬ ಯುವ ಭೂವಿಜ್ಞಾನಿ ಒಳ್ಳೆಯವನು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೊಟ್ಟಿಗೆಯ ಬಾಗಿಲು ಮುಚ್ಚಿ, ಅತಿನೇರಳೆ ದೀಪ ಹಿಡಿದು ಅತ್ತೆಗೆ ಕಲ್ಲು ತೋರಿಸಿದ. ಹಗಲಲ್ಲಿ ಸುಣ್ಣದ ಹೆಂಟೆಯಂತೆ ಮಂಕಾಗಿದ್ದ ಗೆರೆ ನೀಲಿಯಾಗಿ ಹೊಳೆಯಿತು. ಅದು ಶೀಲೈಟ್, ಟಂಗ್‌ಸ್ಟನ್ನಿನ ಅದಿರು. “ಯವ್ವಾ, ಕಲ್ಲಾಗ ಬೆಳದಿಂಗಳ ಐತೆಲ್ಲೋ ತಮ್ಮಾ!” ಎಂದರು ಅತ್ತೆ. ಪಕ್ಕದ ಬೂದು ಹೊಳಪಿನದು ಮಾಲಿಬ್ಡಿನಮ್ಮಿನ ಅದಿರು. ಮುಟ್ಟಿದರೆ ಬೆರಳಿಗೆ ಪೆನ್ಸಿಲಿನ ಸೀಸದಂತೆ ಮೆತ್ತಿಕೊಳ್ಳುವಷ್ಟು ಮೆದು. ಸಾವಿರಾರು ಅಡಿ ಕೆಳಗಿನಿಂದ ಬಿಸಿನೀರು ಬಂಡೆಯ ಬಿರುಕಿನಲ್ಲಿ ಹರಿದು ಇವನ್ನು ಬಿಟ್ಟುಹೋಗಲು ಎಷ್ಟು ಕಾಲ ಹಿಡಿಯಿತೋ ಏನೋ. ಆದರೂ ತಮ್ಮ ಲಾರಿಗಿಂತ ಬೇಗ ಬಂದಿರಬೇಕು.

ಇನ್ನು ಅಪರಾಧದ ವಿಷಯ. ನಮ್ಮ ಭಾಗದಲ್ಲಿ ಮಹಾನವಮಿಗೆ ಮೊದಲು ಮನೆಯಲ್ಲಿ ತೊಳೆಯದ ವಸ್ತು ಇರಕೂಡದು. ಕೌದಿಯಿಂದ ಕಾಳಿನ ಡಬ್ಬಿಯವರೆಗೆ ಎಲ್ಲವೂ ನೀರು ಕಾಣಬೇಕು. ಕಳೆದ ವರ್ಷ ನಾನು ಶಾಲೆಗೆ ಹೋಗಿದ್ದಾಗ ಅತ್ತೆ ಇಪ್ಪತ್ತೆಂಟೂ ಪೆಟ್ಟಿಗೆಗಳನ್ನು ಅಂಗಳಕ್ಕೆ ಸುರಿದಿದ್ದರು. ಬೂದಿ ಹಾಕಿ ತೆಂಗಿನ ನಾರಿನಿಂದ ಒಂದೊಂದು ಕಲ್ಲನ್ನೂ ಉಜ್ಜಿದರು. ಬೂದುಬಣ್ಣದ ಹೊಲಸು ಬಹಳ ಇತ್ತಂತೆ. ಹೀಗೆ ರಾಷ್ಟ್ರದ ಮಾಲಿಬ್ಡಿನಮ್ಮಿನ ಒಂದು ಪಾಲು ನಮ್ಮ ಬಚ್ಚಲ ಗಟಾರಕ್ಕೆ ಹೋಯಿತು. ಗೆದ್ದಲು ಹಿಡಿದ ಮರದ ತುಂಡುಗಳು ಒಲೆಗೆ ಹೋದವು. ನೂರಾ ನಲವತ್ತು ಮೀಟರ್ ಆಳದ ಲೆಕ್ಕವೆಲ್ಲ ಉರಿದು ಒಂದು ಹಂಡೆ ನೀರು ಕಾಯಿತು. ಆಮೇಲೆ ಉದ್ದದ ಕಲ್ಲು ಒಂದು ಕಡೆ, ಗಿಡ್ಡವು ಒಂದು ಕಡೆ, ಚೆಂದಾಗಿ ಜೋಡಿಸಿಟ್ಟರು. ನಾನು ಹೌಹಾರಿ ಕೇಳಿದರೆ, “ಸರಕಾರದ ಕಲ್ಲಾದ್ರ ಏನಾತು, ನಮ್ಮ ಮನ್ಯಾಗ ಅದಾವಲ್ಲ? ಹೊಲಸ ಇಟ್ಟು ಹಬ್ಬ ಮಾಡಾಕ ಬರ್ತೈತೇನು?” ಎಂದರು. ಇದೇ ಆ ದುರುದ್ದೇಶ.

ಈಗ ಟಂಗ್‌ಸ್ಟನ್, ಮಾಲಿಬ್ಡಿನಮ್ ಎರಡೂ ದೇಶಕ್ಕೆ ಬಹಳ ಬೇಕಾದ ಖನಿಜಗಳ ಪಟ್ಟಿಗೆ ಸೇರಿವೆ. ಆದ್ದರಿಂದಲೇ ತಮಗೆ ನಮ್ಮ ಕೊಟ್ಟಿಗೆ ನೆನಪಾಯಿತು, ತಮ್ಮವರು ಬಂದು ಪೆಟ್ಟಿಗೆ ತೆರೆದು ನೋಡಿ ಹೋದರು. ಸಂತೋಷ. ಆದರೆ ಒಂದು ಸಣ್ಣ ಪ್ರಶ್ನೆ. ಬಿಳಿ ಗೆರೆಯಿದ್ದ ಪ್ರತಿಯೊಂದು ಕಲ್ಲನ್ನೂ ಸುದೀಪ ನಮ್ಮ ಅಂಗಳದಲ್ಲೇ ಉದ್ದಕ್ಕೆ ಸೀಳಿಸಿ, ಅರ್ಧ ಭಾಗಕ್ಕೆ ಆಳದ ಚೀಟಿ ಕಟ್ಟಿ ತಮ್ಮ ಪ್ರಯೋಗಾಲಯಕ್ಕೆ ಕಳಿಸಿದ. ಪ್ರತಿ ಮೀಟರಿನ ವಿವರವನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದ. ನಾನೇ ಕಂದೀಲು ಹಿಡಿದು ಹತ್ತಿರ ನಿಂತು ನೋಡಿದ್ದೇನೆ. ಆ ಅರ್ಧ ಎಲ್ಲಿದೆ? ಆ ರಿಜಿಸ್ಟರ್ ಎಲ್ಲಿದೆ? ಅವೆರಡೂ ತಮ್ಮ ಬಳಿ ಇದ್ದರೆ ಅತ್ತೆ ನಾಶಪಡಿಸಿದ್ದೇನು? ಇಲ್ಲದಿದ್ದರೆ ಅವನ್ನು ತೊಳೆದವರು ಯಾರು, ಅವರಿಗೂ ನೋಟಿಸು ಹೋಗಿದೆಯೇ?

ವ್ಯಂಗ್ಯ ಸಾಕು. ನನಗೆ ಸಿಟ್ಟು ಬಂದಿದೆ, ಹೆದರಿಕೆಯೂ ಆಗಿದೆ. ನೋಟಿಸು ಬಂದ ದಿನದಿಂದ ಅತ್ತೆ ಅರ್ಧ ರೊಟ್ಟಿಯನ್ನೂ ಮುಗಿಸುತ್ತಿಲ್ಲ. ರಸ್ತೆಯಲ್ಲಿ ಜೀಪಿನ ಸಪ್ಪಳ ಕೇಳಿದರೆ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. ಯಾಕೆ ಎಂದರೆ, “ಕರಕೊಂಡ ಹೋಗಾಕ ಬಂದ್ರ ಹರಕ ಸೀರ್ಯಾಗ ಹೋಗಲೇನ ಶೈಲಾ? ಮಂದಿ ನೋಡ್ತಾರ” ಎನ್ನುತ್ತಾರೆ. ಮೊನ್ನೆ ಒಂದೇ ದಿನ ಮೂರು ಸಲ ಉಟ್ಟರು. ಮೂರು ಸಲವೂ ಯಾರದೋ ಜೀಪು ಮುಂಡರಗಿಯ ಕಡೆಗೆ ಹೋಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನೋಟಿಸು ಹಿಂದಕ್ಕೆ ತೆಗೆದುಕೊಳ್ಳಿ. ಆದರೆ ಅದನ್ನು ಕಾಗದದಲ್ಲಿ ಬರೆದು ಕಳಿಸಿದರೆ ಪ್ರಯೋಜನವಿಲ್ಲ. ಕಾಗದ ಎಂದರೇ ಅವರಿಗೀಗ ಭಯ, ನಾನು ಓದಿ ಹೇಳಿದರೆ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ತಾವೇ ಬಂದು, ಕಟ್ಟೆಯ ಮೇಲೆ ಕೂತು, ‘ನಿಮ್ಮನ್ನ ಯಾರೂ ಒಯ್ಯೂದಿಲ್ಲರಿ ಅವ್ವಾರ’ ಎಂದು ಬಾಯಿಬಿಟ್ಟು ಹೇಳಬೇಕು.

ದಯವಿಟ್ಟು ಜೀಪಿನಲ್ಲಿ ಬರಬೇಡಿ. ಬಸ್ಸಿನಲ್ಲಿ ಬನ್ನಿ.

ಇಂತಿ,
ಆರೋಪಿಯ ಸೊಸೆ
ಶೈಲಾ