ತಲೆಯಾಡಿಸಿದ್ದು ದಾಖಲಾಗುವುದಿಲ್ಲ

ಅಪ್ಪ ಎಂದು ಕರೆಯಲು ಬಾಯಿ ಬರುತ್ತಿಲ್ಲ. ಬೇರೆ ಏನೆಂದು ಕರೆಯಬೇಕೋ ಅದೂ ಗೊತ್ತಿಲ್ಲ. ನೀನು ಎಲ್ಲಿದ್ದೀಯೋ ತಿಳಿಯದು. ತಿಳಿದಿದ್ದರೂ ಇದನ್ನು ಅಂಚೆಗೆ ಹಾಕುತ್ತಿರಲಿಲ್ಲ.

ನಾನೀಗ ಕೌಟುಂಬಿಕ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಗಂಡ ಹೆಂಡಿರು ಕಟಕಟೆಯಲ್ಲಿ ನಿಂತು ಆಡಿದ್ದನ್ನೆಲ್ಲ ಟೈಪ್ ಮಾಡುವುದು ನನ್ನ ಹೊಟ್ಟೆಪಾಡು. ಇವತ್ತು ನ್ಯಾಯಾಧೀಶರು ಒಬ್ಬನನ್ನು ಕೇಳಿದರು: "ಮಗಳನ್ನ ನಿಮ್ಮ ಹತ್ರ ಇಟ್ಕೊಳ್ತೀರಾ?"

ಅವನು ಸುಮ್ಮನೆ ತಲೆಯಾಡಿಸಿದ. ನನ್ನ ಬೆರಳುಗಳು ಕೀಲಿಗಳ ಮೇಲೆಯೇ ನಿಂತವು.

"ಬಾಯಿಬಿಟ್ಟು ಹೇಳ್ರಿ. ತಲೆ ಅಲ್ಲಾಡಿಸಿದ್ರೆ ಇವರು ಏನಂತ ಟೈಪ್ ಮಾಡ್ಬೇಕು?"

"ಬೇಡ," ಎಂದ.

ಹೇಳಿಕೆಯನ್ನು ಕೊಟ್ಟವರಿಗೇ ಓದಿ ಹೇಳುವುದು ನಿಯಮ. ಹಾಗಾಗಿ ಆ "ಬೇಡ"ವನ್ನು ನಾನೂ ಗಟ್ಟಿಯಾಗಿ ಓದಬೇಕಾಯಿತು. ತಾಯಿಯ ಪಕ್ಕ ಕೂತಿದ್ದ ಹುಡುಗಿ, ತನ್ನನ್ನು ಬೇಡವೆಂದವಳು ನಾನೇ ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿದಳು. ಅವನು "ಸರಿ ಇದೆ" ಎಂದು ಸಹಿ ಹಾಕಿದ.

ನೀನು ಅಷ್ಟನ್ನೂ ಮಾಡಲಿಲ್ಲ. ಅಮ್ಮ "ಸಂಜೆ ಬರ್ತೀರಾ?" ಎಂದು ಕೇಳಿದಾಗ ಬಾಗಿಲಲ್ಲಿ ನಿಂತು ತಲೆಯಾಡಿಸಿ ಹೊರಟುಹೋದೆ. ಅದು ಹೂಂ ಎಂದೋ ಉಹೂಂ ಎಂದೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. "ಬರಲ್ಲ ಅಂತ ಹೇಳಿಲ್ವಲ್ಲೇ," ಎನ್ನುತ್ತ, ಸಾಯುವವರೆಗೂ ನಿನ್ನ ತಟ್ಟೆಯನ್ನು ದಿನಾ ತೊಳೆದಿಟ್ಟಳು.

ಇವತ್ತಿನ ವಿಚಾರಣೆ ಮುಗಿದ ಮೇಲೆ ಹೊರಗೆ ಎಲ್ಲರೂ ಆ ಹುಡುಗಿಯನ್ನು ಕಂಡು ಪಾಪ ಎಂದರು. ನನಗೆ ಮಾತ್ರ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.